ಕಳಚದ ಕೈ
ಧಾರವಾಡದ ನಮ್ಮ ಓಣಿಯ ಮಕ್ಕಳಿಗಾಗಿ, 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರವನ್ನು ಆಧರಿಸಿ ಸೂತ್ರದ ಗೊಂಬೆಗಳ ಹಾಸ್ಯ ಪ್ರಸಂಗವೊಂದನ್ನು ಕಟ್ಟಿದ್ದೆವು. ತೊಗಲುಗೊಂಬೆಯಾಟದಿಂದ ಎರವಲು ತಂದ ವಿದೂಷಕ ಕಿಳ್ಳೇಕ್ಯಾತನು ಜಾಂಬಿಯನ್ನು, ಅಂದರೆ ಎದ್ದು ನಡೆಯುವ ಹೆಣವನ್ನು, ಬೀಗರೆಂದು ತಿಳಿದು ಕೈಕುಲುಕಿದಾಗ, ಆ ಕೈ ಕಳಚಿ ಅವನಲ್ಲೇ ಉಳಿಯಬೇಕಿತ್ತು. ಆದರೆ ತಾಲೀಮಿನಲ್ಲಿ ಕೈಯ ಬದಲು ಇಡೀ ಜಾಂಬಿಯೇ ನೇತಾಡುತ್ತ ಬಂದು, ಸೂತ್ರಗಳೆಲ್ಲ ಗಂಟಾದವು.

ಕೈಯನ್ನು ತೋಳಿಗೆ ಹಿಡಿದಿಟ್ಟಿದ್ದು ವೆಲ್ಕ್ರೋ, ಅಂದರೆ ಒತ್ತಿದರೆ ಅಂಟಿಕೊಳ್ಳುವ ಬಟ್ಟೆಯ ಪಟ್ಟಿ. ತಪ್ಪು ಅದರದಲ್ಲ, ನಮ್ಮದೇ. ಅಂಚಿನಿಂದ ಸುಲಿದರೆ ಸುಲಭವಾಗಿ ಬಿಡುವ ಆ ಪಟ್ಟಿ, ಮೇಲ್ಮೈಗುಂಟ ಎಳೆದರೆ ಬಿಗಿಯಾಗಿ ಹಿಡಿಯುತ್ತದೆ. ನಾವು ಅದನ್ನು ತೋಳಿಗೆ ಸುತ್ತಿ ಉದ್ದಕ್ಕೆ ಎಳೆಯುತ್ತಿದ್ದೆವು. ಅದನ್ನು ಕಿತ್ತು, ಕೀಲಿನ ಎರಡೂ ಬದಿಗೆ ಬಿಲ್ಲೆಯಂತಹ ಪುಟ್ಟ ಅಯಸ್ಕಾಂತಗಳನ್ನು, ಪರಸ್ಪರ ಸೆಳೆಯುವ ಮುಖಗಳು ಎದುರುಬದುರಾಗುವಂತೆ ಅಂಟಿಸಿದೆವು. ಈಗಲೂ ಹಿಡಿತ ಅತಿಯಾಯಿತು. ಅಂತರ ಹೆಚ್ಚಿದಂತೆ ಅಯಸ್ಕಾಂತದ ಸೆಳೆತ ಬೇಗನೆ ಕುಗ್ಗುವುದರಿಂದ, ನಡುವೆ ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ಪದರ ಪದರವಾಗಿ ಇಟ್ಟು ನೋಡಿದೆವು: ಮೂರು ಪದರಕ್ಕೆ ನಡೆಯುವಾಗಲೇ ಕೈ ಉದುರಿತು, ಎರಡಕ್ಕೆ ಸರಿಹೋಯಿತು.

ಮೂಲ ಚಿತ್ರದಲ್ಲಿ ರಕ್ತವಾಗಿ ಹರಿದದ್ದು ಚಾಕೊಲೇಟ್ ಪಾಕ. ಇರುವೆಗಳಿಗೆ ಹೆದರಿ ನಾವು ಅದನ್ನು ಬಿಟ್ಟೆವು. ಪ್ರದರ್ಶನದ ದಿನ ಕೈ ಸರಿಯಾದ ಗಳಿಗೆಗೆ ಕಳಚಿ ಎಲ್ಲರೂ ನಕ್ಕರು. ಮುಂದಿನ ಸಾಲಿನ ಅಜ್ಜಿಯೊಬ್ಬರು ಮಾತ್ರ, “ಪಾಪ, ಅಂವಗ ಯಾರರೆ ಕೈ ಹಚ್ಚಿ ಕೊಡ್ರಿ” ಎಂದರು.