ಹೆಲ್ತ್ 97% ಇದ್ದರೂ ತಪ್ಪು ಎಸ್‌ಎಸ್‌ಡಿಯದ್ದೇ: ನನ್ನ ಅನುಭವ

ಎಸ್‌ಎಸ್‌ಡಿ (ಕಂಪ್ಯೂಟರಿನ ಡೇಟಾ ಇಡುವ ಡಿಸ್ಕ್) ಹೆಲ್ತ್ 97% ತೋರಿಸ್ತಿದೆ ಅಂದ್ರೆ ಅದನ್ನು ಬಿಡಿ, ಬೇರೆ ಕಡೆ ಹುಡುಕಿ. ಕಂಪ್ಯೂಟರ್ ರಿಪೇರಿಯ ನಮ್ಮ ಕೆಲಸದವರು ಎಲ್ಲರೂ ಹೇಳುವುದು ಇದನ್ನೇ. ಮುಂಬೈ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಬಿಲ್ಲಿಂಗ್ ಪಿಸಿ ಪದೇ ಪದೇ ಬ್ಲೂ ಸ್ಕ್ರೀನ್ ಬಂದು ನಿಲ್ಲುತ್ತಿದ್ದ ವಿಷಯದಲ್ಲಿ ನನಗೂ ಇದನ್ನೇ ಹೇಳಿದರು. ಲ್ಯಾಮಿಂಗ್ಟನ್ ರೋಡಿನ (ಕಂಪ್ಯೂಟರ್ ಅಂಗಡಿಗಳ ಬೀದಿ) ಗೆಳೆಯರು, ಬಿಲ್ಲಿಂಗ್ ಸಾಫ್ಟ್‌ವೇರ್‌ನವರು, ಬೋರ್ಡ್ ರಿಪೇರಿಯವರು, ಎಲ್ಲರದ್ದೂ ಒಂದೇ ಮಾತು. ನಾನು ಒಪ್ಪಲಿಲ್ಲ. ಕೊನೆಗೆ ಲಾಗ್ ಪ್ರಿಂಟ್ ತೆಗೆದು ತೋರಿಸಿದೆ. ಆ ಮಶೀನು ಈಗ ಒಂದು ಮಳೆಗಾಲ ಪೂರ್ತಿ ದಾಟಿದೆ, ಒಮ್ಮೆಯೂ ನಿಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಇರುವುದು ಡೊಂಬಿವಲಿಯಲ್ಲಿ. ದಾದರ್, ಮಾಟುಂಗಾ, ಘಾಟ್‌ಕೋಪರ್ ಕಡೆಯ ಹತ್ತಾರು ಹೋಟೆಲುಗಳ ಬಿಲ್ಲಿಂಗ್ ಮಶೀನು, ಪ್ರಿಂಟರ್, ಸಿಸಿಟಿವಿ ನೋಡಿಕೊಳ್ಳುತ್ತೇನೆ. ಈ ಪಿಸಿ ನನ್ನ ಕೈಗೆ ಬರುವ ಹೊತ್ತಿಗೆ ಹೋಟೆಲಿನವರು ಸಾಕಷ್ಟು ಖರ್ಚು ಮಾಡಿದ್ದರು. ಹೊಸ ರ‍್ಯಾಮ್‌ಗೆ 1,800 ರೂಪಾಯಿ. ಎಸ್‌ಎಂಪಿಎಸ್‌ಗೆ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) 2,400ರ ಹತ್ತಿರ. ಎರಡು ಮೂರು ಸಲ ಫಾರ್ಮ್ಯಾಟು, ಪ್ರತಿ ಸಲ ಐನೂರೋ ಆರುನೂರೋ. ಫಾರ್ಮ್ಯಾಟ್ ಆದ ಮೇಲೆ ಮೆನು, ರೇಟು, ಪ್ರಿಂಟರ್ ಸೆಟ್ಟಿಂಗ್ ಎಲ್ಲ ಮತ್ತೆ ಕೂರಿಸಬೇಕು, ಅದಕ್ಕೆ ಸಾಫ್ಟ್‌ವೇರ್‌ನವರ ಚಾರ್ಜು ಬೇರೆ. ಮುಂದಿನ ಸರದಿ ಮದರ್‌ಬೋರ್ಡ್, ಆರೂವರೆ ಏಳು ಸಾವಿರ ಅಂತ ಕೊಟೇಶನ್ನೂ ಬಂದಿತ್ತು.

"ಎಂಥ ಮಾರಾಯ್ರೆ, ಪಾರ್ಟ್ ಎಲ್ಲ ಹೊಸತು, ಬ್ಲೂ ಸ್ಕ್ರೀನ್ ಮಾತ್ರ ಹಳೆಯದೇ" ಅಂದರು ಧಣಿಗಳು.

"ಶೆಟ್ರೇ, ಬೋರ್ಡಿಗೆ ದುಡ್ಡು ಹಾಕಬೇಡಿ. ನನಗೆ ಒಂದು ವಾರ ಟೈಮ್ ಕೊಡಿ" ಅಂದೆ. ಅಷ್ಟು ದಿನಕ್ಕೆ ನನ್ನದೇ ಒಂದು ಹಳೇ ಲ್ಯಾಪ್‌ಟಾಪ್ ಗಲ್ಲೆಯಲ್ಲಿ ಇಟ್ಟು ಬಿಲ್ಲಿಂಗ್ ನಡೆಸಿಕೊಟ್ಟೆ. ಬಾಡಿಗೆ ಕೇಳಲಿಲ್ಲ.

ನನಗೆ ಎಸ್‌ಎಸ್‌ಡಿ ಮೇಲೆ ಸಂಶಯ ಬಂದದ್ದು ಮಶೀನು ಬಿಚ್ಚುವುದಕ್ಕೂ ಮೊದಲೇ. ಕ್ಯಾಶಿಯರ್ ಹುಡುಗನನ್ನು ಕೂರಿಸಿ ಕೇಳಿದೆ, ಬ್ಲೂ ಸ್ಕ್ರೀನ್ ಯಾವ ಹೊತ್ತಿಗೆ ಬರ್ತದೆ ಅಂತ. "ಅಣ್ಣ, ರಶ್ ಇರುವಾಗ ಬರುವುದೇ ಇಲ್ಲ. ಊಟ ಮುಗಿದು ಖಾಲಿ ಇರ್ತದಲ್ಲ, ಮೂರು ಗಂಟೆಗೆ, ಆಮೇಲೆ ಟೀಗೆ ಮೊದಲ ಗಿರಾಕಿ ಬಂದು ಬಿಲ್ ಹೊಡೆದರೆ ಆಗ ಬರ್ತದೆ" ಅಂದ. ಇದನ್ನು ಮೊದಲೂ ಎಲ್ಲರಿಗೂ ಹೇಳಿದ್ದನಂತೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಎಸ್‌ಎಂಪಿಎಸ್ ವೀಕ್ ಆಗಿದ್ದರೆ ಲೋಡ್ ಬಿದ್ದಾಗ ಕೈ ಕೊಡಬೇಕು. ಇದು ಸುಮ್ನೆ ಇದ್ದು ಎದ್ದಾಗ ಕೈ ಕೊಡ್ತಿತ್ತು.

ಇನ್ನೂ ಮೂರು ಗುರುತು ಸಿಕ್ಕವು. ಬ್ಲೂ ಸ್ಕ್ರೀನಿನಲ್ಲಿ ಒಮ್ಮೆ ಕರ್ನಲ್ ಡೇಟಾ ಇನ್‌ಪೇಜ್ ಎರರ್, ಇನ್ನೊಮ್ಮೆ ಕ್ರಿಟಿಕಲ್ ಪ್ರೊಸೆಸ್ ಡೈಡ್. ಕೆಳಗೆ ಪರ್ಸೆಂಟೇಜ್ 0ಗೆ ನಿಂತರೆ ಅಲ್ಲೇ ನಿಂತಿತು. ಕ್ರ್ಯಾಶ್ ಆದಾಗ ವಿಂಡೋಸ್ ಬರೆದಿಡುವ ವರದಿ, ಅಂದ್ರೆ ಡಂಪ್, ಇರಬೇಕಾದ ಮಿನಿಡಂಪ್ ಫೋಲ್ಡರ್ ಪೂರ್ತಿ ಖಾಲಿ. ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 (ಮಶೀನು ಸರಿಯಾಗಿ ಆಫ್ ಆಗದೆ ನಿಂತಿತು ಅನ್ನುವ ನಮೂದು) ಬಿಟ್ಟರೆ ಬೇರೇನೂ ಇಲ್ಲ. ಡಿಸ್ಕ್ ತೊಂದರೆ ಹೇಳುವ 129 ಇಲ್ಲ, 153 ಇಲ್ಲ. ಎಲ್ಲಕ್ಕಿಂತ ದೊಡ್ಡ ಗುರುತು ಅಂದ್ರೆ, ರೀಸ್ಟಾರ್ಟ್ ಮಾಡಿದರೆ ಬಯಾಸ್‌ನಲ್ಲಿ ಡಿಸ್ಕೇ ಕಾಣುವುದಿಲ್ಲ. ಗೋಡೆಯ ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಹಾಕಿದರೆ ಏನೂ ಆಗದ ಹಾಗೆ ವಾಪಸ್ ಬರ್ತದೆ.

ಲಾಗ್‌ನಲ್ಲಿ ಡಿಸ್ಕ್ ಎರರ್ ಇಲ್ಲ, ಹಾಗಾಗಿ ಡಿಸ್ಕ್ ಸರಿ ಇದೆ ಅಂತ ಎಲ್ಲರ ವಾದ. ನಾನು ಹೇಳುವುದು ಉಲ್ಟಾ. ವಿಂಡೋಸ್ ಲಾಗ್ ಬರೆಯುವುದು ಅದೇ ಡಿಸ್ಕಿನ ಮೇಲೆ, ಡಂಪ್ ಬರೆಯುವುದೂ ಅದೇ ಡಿಸ್ಕಿನ ಮೇಲೆ. ಡಿಸ್ಕೇ ಮಾಯವಾದ ಮೇಲೆ ಬರೆಯುವುದು ಎಲ್ಲಿ? ಕಳ್ಳನ ಕೈಗೇ ಕಾವಲಿನ ಡೈರಿ ಕೊಟ್ಟ ಹಾಗೆ. ಪದೇ ಪದೇ ಕ್ರ್ಯಾಶ್ ಆಗಿಯೂ ಡಂಪ್ ಇಲ್ಲ ಅಂದ್ರೆ ನಾನು ಮೊದಲು ನೋಡುವುದು ಡಿಸ್ಕನ್ನೇ.

ಇನ್ನು 97% ಅನ್ನೋ ನಂಬರ್. ಅದು ಮುಖ್ಯವಾಗಿ ಫ್ಲ್ಯಾಶ್ ಎಷ್ಟು ಸವೆದಿದೆ ಅನ್ನುವ ಲೆಕ್ಕ. ಎಷ್ಟು ಬರೆದಿದ್ದೀರಿ, ಇನ್ನೆಷ್ಟು ಬರೆಯಬಹುದು, ಅಷ್ಟೇ. ಡಿಸ್ಕನ್ನು ನಡೆಸುವ ಚಿಪ್, ಅಂದ್ರೆ ಕಂಟ್ರೋಲರ್, ನಡುವೆ ಮಲಗಿ ಏಳದೇ ಹೋದರೆ ಅದು ಆ ಲೆಕ್ಕಕ್ಕೆ ಬರುವುದಿಲ್ಲ. ಕ್ರೂಶಿಯಲ್ ಎಂ4 ಅನ್ನೋ ಎಸ್‌ಎಸ್‌ಡಿಯ ಕಥೆ ಹಳಬರಿಗೆ ನೆನಪಿರಬಹುದು. 5,184 ಗಂಟೆ ಓಡಿದ ಮೇಲೆ ಡಿಸ್ಕ್ ಉತ್ತರ ಕೊಡುವುದನ್ನೇ ನಿಲ್ಲಿಸ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಸರಿ, ಮತ್ತೆ ಒಂದು ಗಂಟೆಗೆ ಅದೇ ಗೋಳು. ಕಾರಣ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಇಡುವ ವ್ಯವಸ್ಥೆ) ಕೌಂಟರಿನಲ್ಲೇ ಇದ್ದ ಫರ್ಮ್‌ವೇರ್ (ಡಿಸ್ಕಿನೊಳಗಿನ ಪ್ರೋಗ್ರಾಂ) ದೋಷ. ಹೆಲ್ತ್ ಹೇಳಬೇಕಾದ ಭಾಗವೇ ಡಿಸ್ಕನ್ನು ನಿಲ್ಲಿಸ್ತಿತ್ತು, ಅಲ್ವಾ. 2012ರ ಜನವರಿಯಲ್ಲಿ 0309 ಅನ್ನೋ ಫರ್ಮ್‌ವೇರ್ ಬಂದ ಮೇಲೆ ಸರಿಹೋಯಿತು. ದಿನವಿಡೀ ಆನ್ ಇರುವ ಮಶೀನಿಗೆ 5,184 ಗಂಟೆ ಅಂದ್ರೆ 216 ದಿನ. ಲ್ಯಾಮಿಂಗ್ಟನ್ ರೋಡಿನಲ್ಲಿ ಇದನ್ನು ಹೇಳಿದಾಗ "ಅದು ಆ ಕಾಲದ್ದು ಬಿಡು" ಅಂದರು.

ಸರಿ, ನಾನು ಮಾಡಿದ್ದು ಇಷ್ಟು. ಎಸ್‌ಎಸ್‌ಡಿ ಮೇಲಿಂದ ಮಶೀನು ಬೂಟ್ ಆಗಲೇಬಾರದು. ವಿಂಡೋಸ್ ಬದಲು ಉಬುಂಟು (ಒಂದು ಬಗೆಯ ಲಿನಕ್ಸ್) ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿದೆ. ಎಸ್‌ಎಸ್‌ಡಿ ತನ್ನ ಸ್ಲಾಟಿನಲ್ಲೇ ಇರಲಿ, ಆದರೆ ಮೌಂಟ್ ಇಲ್ಲ, ಅಂದ್ರೆ ಅದರ ಫೈಲುಗಳನ್ನು ತೆರೆದಿಲ್ಲ. ಕರ್ನಲ್ ಲಾಗ್ ನಿರಂತರವಾಗಿ ಇನ್ನೊಂದು ಪೆನ್‌ಡ್ರೈವಿಗೆ ಹೋಗುವ ಹಾಗೆ ಮಾಡಿದೆ. ಈಗ ಡಿಸ್ಕ್ ಮಾಯವಾದರೂ ಮಶೀನು ನಿಲ್ಲುವುದಿಲ್ಲ. ಲಾಗ್ ಬರೆಯುವ ಕೈ ಬೇರೆ.

ಮೊದಲು ಎಸ್‌ಎಸ್‌ಡಿ ಪೂರ್ತಿ ತೆಗೆದು ಎರಡು ಮೂರು ದಿನ ಓಡಿಸಿದೆ. ಏನೂ ಆಗಲಿಲ್ಲ. ಅಲ್ಲಿಗೆ ರ‍್ಯಾಮ್, ಪ್ರೊಸೆಸರ್, ಎಸ್‌ಎಂಪಿಎಸ್ ಮೂರರ ಮೇಲೂ ನನಗೆ ನಂಬಿಕೆ ಬಂತು. ಆಮೇಲೆ ಎಸ್‌ಎಸ್‌ಡಿ ಹಾಕಿ ಮೊದಲಿನಿಂದ ಕೊನೆಯವರೆಗೆ ಓದಿಸಿದೆ. ಪಾಸ್. ಮತ್ತೆ ಓದಿಸಿದೆ. ಮತ್ತೆ ಪಾಸ್. ರಾತ್ರಿಯಿಡೀ ಓದಿಸಿದರೂ ಒಂದು ಎರರ್ ಇಲ್ಲ. ಮೀಡಿಯಾ ಎರರ್ ಕೌಂಟು ಸೊನ್ನೆ. ಡೊಂಬಿವಲಿಯ ಮನೆಯಲ್ಲಿ ಮಶೀನು ಅಷ್ಟು ದಿನ ಚೆನ್ನಾಗಿ ಓಡಿತು, ಗೆಳೆಯರೆಲ್ಲ "ನೋಡು, ನಾವು ಹೇಳಲಿಲ್ವಾ" ಅಂದರು.

ಆಗ ಕ್ಯಾಶಿಯರ್ ಹುಡುಗನ ಮಾತಿಗೆ ವಾಪಸ್ ಹೋದೆ. ಬಿಡುವಿಲ್ಲದೆ ಓದಿಸಿದರೆ ಇದಕ್ಕೆ ನಿದ್ದೆ ಮಾಡಲು ಸಮಯವೇ ಸಿಗುವುದಿಲ್ಲ. ಟೆಸ್ಟ್ ಸಾಫ್ಟ್‌ವೇರ್‌ಗಳು ಹೆಚ್ಚಿನವೂ ಹೀಗೇ, ಒಂದೇ ಸಮನೆ ಹೊಡೆಯುತ್ತವೆ. ಹಾಗಾಗಿ ಸ್ವಲ್ಪ ಓದು, ಬಿಡು, ಮತ್ತೆ ಓದು ಅಂತ ಸಣ್ಣ ಸ್ಕ್ರಿಪ್ಟ್ ಬರೆದೆ. ಬಿಡುವ ಸಮಯವೂ ಒಂದೇ ಸಮ ಇರಬಾರದು, ಹೆಚ್ಚು ಕಡಿಮೆ ಆಗುತ್ತಿರಬೇಕು. ಎಷ್ಟು ಎಷ್ಟು ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ನಾನು ತುಂಬಾ ರಾತ್ರಿ ಕಳೆದಿದ್ದೇನೆ, ನನ್ನ ಹೊಟ್ಟೆಪಾಡೂ ಅದೇ.

ಮನೆಯಲ್ಲಿ ಅದಕ್ಕೂ ಡಿಸ್ಕ್ ಬೀಳಲಿಲ್ಲ, ಅಂದ್ರೆ ಮಾಯವಾಗಲಿಲ್ಲ. ಇನ್ನೊಂದು ವಿಷಯ ಹೊಳೆಯಿತು. ಹೋಟೆಲಿನಲ್ಲಿ ಸಿಪಿಯು ಇದ್ದದ್ದು ಮರದ ಪೆಟ್ಟಿಗೆಯೊಳಗೆ. ಜಿರಳೆ ಹೋಗಬಾರದು ಅಂತ ಬಾಗಿಲು ಹಾಕಿ ಸಂದಿಗಳಿಗೂ ಟೇಪ್ ಹಚ್ಚಿದ್ದರು. ಗೋಡೆಯ ಆ ಕಡೆ ಕಾಫಿ ಬಾಯ್ಲರ್. ನಮ್ಮ ಮನೆಯಲ್ಲಿ ಫ್ಯಾನ್ ಕೆಳಗೆ ಬಾಗಿಲು ತೆಗೆದ ಕ್ಯಾಬಿನೆಟ್. ಹೋಲಿಕೆಯೇ ಇಲ್ಲ. ಮನೆಯ ಹೇರ್ ಡ್ರೈಯರ್ ತಂದು ದೂರದಿಂದ ಬಿಸಿಗಾಳಿ ಬಿಟ್ಟೆ. ಸ್ಮಾರ್ಟ್‌ನಲ್ಲಿ ಟೆಂಪರೇಚರ್ 60 ದಾಟಿ 65ರ ಹತ್ತಿರ ಬರುವ ಹಾಗೆ ಹಿಡಿದು, ಬಿಟ್ಟು ಬಿಟ್ಟು ಓದಿಸಿದೆ. ಅರ್ಧ ಗಂಟೆಯೂ ಆಗಿರಲಿಲ್ಲ. ಲಾಗ್‌ನಲ್ಲಿ ಬಂತು: ಕಂಟ್ರೋಲರ್ ಈಸ್ ಡೌನ್, ವಿಲ್ ರೀಸೆಟ್. ಪಕ್ಕದಲ್ಲಿ ಸ್ಟೇಟಸ್ ಪೂರ್ತಿ ಎಫ್ ಎಫ್ ಎಫ್. ಎಲ್ಲ ಎಫ್ ಬಂದಿದೆ ಅಂದ್ರೆ ಆ ಸ್ಲಾಟಿನಿಂದ ಉತ್ತರವೇ ಬರುತ್ತಿಲ್ಲ ಅಂತ ಅರ್ಥ. ಆಮೇಲೆ ಡಿಸ್ಕ್ ಲಿಸ್ಟಿನಿಂದಲೇ ಹೋಯಿತು. ಮಶೀನು ಮಾತ್ರ ಆರಾಮಾಗಿ ಓಡುತ್ತಿತ್ತು. ಆ ರಾತ್ರಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಸ್ಲಾಟ್ ಹಾಳಾಗಿದೆ ಅನ್ನುತ್ತಾರೆ. ಹಾಗಾಗಿ ಅದೇ ಸ್ಲಾಟಿಗೆ ನನ್ನ ಸ್ವಂತ ಎಸ್‌ಎಸ್‌ಡಿ ಹಾಕಿ ಅದೇ ಬಿಸಿ, ಅದೇ ಸ್ಕ್ರಿಪ್ಟ್ ಕೊಟ್ಟೆ. ರಾತ್ರಿಯಿಡೀ ಏನೂ ಆಗಲಿಲ್ಲ. ಹೋಟೆಲಿನ ಎಸ್‌ಎಸ್‌ಡಿಯನ್ನು ನನ್ನ ಪಿಸಿಗೆ ಹಾಕಿದೆ. ಅಲ್ಲೂ ಬಿತ್ತು. ಕೊನೆಯದಾಗಿ ಅದರ ನಿದ್ದೆಯನ್ನೇ ತಪ್ಪಿಸಿದೆ. ಕರ್ನಲ್‌ನ ಎನ್‌ವಿಎಂಇ (ಸ್ಲಾಟಿಗೆ ಕೂರುವ ಈ ಬಗೆಯ ಎಸ್‌ಎಸ್‌ಡಿ) ಪವರ್ ಸ್ಟೇಟ್ ಲೇಟೆನ್ಸಿ ಸೆಟ್ಟಿಂಗನ್ನು 0 ಮಾಡಿ ಬೂಟ್ ಮಾಡಿದರೆ ಡಿಸ್ಕ್ ತಾನಾಗಿ ಆಳವಾದ ಪವರ್ ಸ್ಟೇಟಿಗೆ ಇಳಿಯುವುದಿಲ್ಲ. ಆಗ ಬಿಸಿ ಇದ್ದರೂ ಬೀಳಲಿಲ್ಲ. ಸೆಟ್ಟಿಂಗ್ ತೆಗೆದೆ, ಮತ್ತೆ ಬಿತ್ತು. ಹಾಕಿದರೆ ನಿಲ್ಲುತ್ತದೆ, ತೆಗೆದರೆ ಬೀಳುತ್ತದೆ. ಇದಕ್ಕಿಂತ ಗಟ್ಟಿ ಪುರಾವೆ ನಮ್ಮ ಕೆಲಸದಲ್ಲಿ ಸಿಗುವುದು ಕಷ್ಟ.

ಹಾಗಾದರೆ ವಿಂಡೋಸ್‌ನಲ್ಲೂ ಹೀಗೇ ಮಾಡಿ ದುಡ್ಡು ಉಳಿಸಬಹುದಲ್ಲ ಅಂತ ಧಣಿಗಳು ಕೇಳಿದರು. ನಾನೂ ನೋಡಿದೆ. ಪವರ್ ಪ್ಲಾನ್‌ನಲ್ಲಿ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿದೆ, ಫಾಸ್ಟ್ ಸ್ಟಾರ್ಟಪ್ ತೆಗೆದೆ. ಕಂಪನಿಯ ಟೂಲಿನಲ್ಲಿ ಹೊಸ ಫರ್ಮ್‌ವೇರ್ ಇರಲಿಲ್ಲ. ಲ್ಯಾಮಿಂಗ್ಟನ್ ರೋಡಿನಿಂದ 150 ರೂಪಾಯಿಗೆ ಅಲ್ಯೂಮಿನಿಯಂ ಹೀಟ್‌ಸಿಂಕ್, ಥರ್ಮಲ್ ಪ್ಯಾಡ್ ತಂದು ಅಂಟಿಸಿದೆ. ಟೆಂಪರೇಚರ್ ಹತ್ತು ಡಿಗ್ರಿಯಷ್ಟು ಇಳಿಯಿತು. ಕ್ರ್ಯಾಶ್ ದಿನಕ್ಕೊಮ್ಮೆ ಇದ್ದದ್ದು ವಾರಕ್ಕೊಮ್ಮೆ ಆಯಿತು. ಪೂರ್ತಿ ನಿಲ್ಲಲಿಲ್ಲ. ಹೋಟೆಲ್ ಬಿಲ್ಲಿಂಗಿಗೆ ವಾರಕ್ಕೊಮ್ಮೆಯೂ ಜಾಸ್ತಿಯೇ. ಹೊಸ ಡಿಸ್ಕ್ ಹಾಕೋಣ ಅಂದೆ.

ಈ ಗಲಾಟೆಯ ನಡುವೆಯೇ ಇನ್ನೊಂದು ಪ್ರಯೋಗ ನಡೆಯಿತು. ಡೊಂಬಿವಲಿಯ ಒಂದು ಟ್ಯೂಶನ್ ಕ್ಲಾಸಿನ ಸಾಟಾ, ಅಂದ್ರೆ ಕೇಬಲಿನಿಂದ ಜೋಡಿಸುವ ಬಗೆಯ, ಎಸ್‌ಎಸ್‌ಡಿ. ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಡಿಸ್ಕ್ ಕಾಣುತ್ತಲೇ ಇರಲಿಲ್ಲ. ಡೇಟಾ ಕೇಬಲ್ ತೆಗೆದು ಪವರ್ ಮಾತ್ರ ಕೊಟ್ಟು ಅರ್ಧ ಗಂಟೆ ಬಿಟ್ಟೆ. ಆಫ್ ಮಾಡಿದೆ, ಸ್ವಲ್ಪ ಬಿಟ್ಟು ಮತ್ತೆ ಅಷ್ಟೇ ಹೊತ್ತು. ಎದ್ದು ಬಂತು. ಕರೆಂಟ್ ಹಠಾತ್ತನೆ ಹೋದಾಗ ಯಾವ ಡೇಟಾ ಎಲ್ಲಿದೆ ಅನ್ನುವ ಒಳಗಿನ ಮ್ಯಾಪಿಂಗ್ ಟೇಬಲ್ ಅರ್ಧಕ್ಕೆ ನಿಂತಿರುತ್ತದೆ, ಸುಮ್ನೆ ಪವರ್ ಕೊಟ್ಟರೆ ಕೆಲವು ಡಿಸ್ಕ್‌ಗಳು ತಾವೇ ಸರಿ ಮಾಡಿಕೊಳ್ಳುತ್ತವೆ. ಎಲ್ಲದಕ್ಕೂ ಆಗುವುದಿಲ್ಲ. ಹೋಟೆಲಿನ ಡಿಸ್ಕಿಗೆ ಇದರಿಂದ ಏನೂ ಪ್ರಯೋಜನ ಆಗಲಿಲ್ಲ, ಅದರ ರೋಗವೇ ಬೇರೆ. ಸಾಟಾದಲ್ಲಿ ಇನ್ನೊಂದು ನೋಡಬೇಕು. ಸ್ಮಾರ್ಟ್‌ನಲ್ಲಿ ಸಿ7, ಅಂದ್ರೆ ಕೇಬಲಿನ ದಾರಿಯಲ್ಲಿ ಡೇಟಾ ಕೆಟ್ಟದ್ದನ್ನು ಹೇಳುವ ಸಿಆರ್‌ಸಿ ಎರರ್, ಏರುತ್ತಾ ಇದ್ದರೆ ಮೊದಲು ಕೇಬಲ್ ಬದಲಿಸಿ. ಐವತ್ತು ರೂಪಾಯಿಯ ಕೇಬಲ್‌ಗೆ ಎಷ್ಟೋ ಒಳ್ಳೆಯ ಡಿಸ್ಕ್‌ಗಳು ಕಸಕ್ಕೆ ಹೋಗಿವೆ.

ಹೊಸದಕ್ಕೆ ಡೇಟಾ ಸಾಗಿಸುವಾಗ ಹುಷಾರು. ಬೀಳುವ ಡಿಸ್ಕನ್ನು ವಿಂಡೋಸ್‌ನಲ್ಲೇ ಕ್ಲೋನ್ ಮಾಡಲು ಹೋದರೆ ನಡುವೆ ನಿಲ್ಲುತ್ತದೆ, ಮತ್ತೆ ಮೊದಲಿನಿಂದ. ನಾನು ಪೆನ್‌ಡ್ರೈವಿನಿಂದಲೇ ಬೂಟ್ ಮಾಡಿ, ಲೇಟೆನ್ಸಿ 0 ಇಟ್ಟು, ಡಿಡಿರೆಸ್ಕ್ಯೂ ಅನ್ನೋ ಡಿಸ್ಕ್ ಕಾಪಿ ಮಾಡುವ ಪ್ರೋಗ್ರಾಂ ಹಚ್ಚಿದೆ. ಎಲ್ಲಿವರೆಗೆ ಆಯಿತು ಅಂತ ಬರೆದಿಡುವ ಮ್ಯಾಪ್ ಫೈಲ್ ಮೂರನೇ ಕಡೆ ಇರಲಿ. ನಿಂತರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಯಾವುದು ಹಳೆಯದು, ಯಾವುದು ಹೊಸದು ಅಂತ ಸೀರಿಯಲ್ ನಂಬರ್ ನೋಡಿಯೇ ಎಂಟರ್ ಒತ್ತಿ. ಟೇಬಲ್ ಫ್ಯಾನ್ ಎದುರಿಗೆ ಇಟ್ಟು ಮಾಡಿದೆ, ಮುಕ್ಕಾಲು ಗಂಟೆಯೊಳಗೆ ಒಂದೇ ಓಟದಲ್ಲಿ ಮುಗಿಯಿತು. ಒಂದು ಬಿಲ್ಲೂ ಹೋಗಲಿಲ್ಲ. ಸಾಫ್ಟ್‌ವೇರ್‌ನವರನ್ನು ಕರೆಯುವ ಖರ್ಚೂ ಉಳಿಯಿತು.

ಹೊಸ ಎಸ್‌ಎಸ್‌ಡಿ 500 ಜಿಬಿ, ಸ್ವಂತ ಡಿ‌ರ‍್ಯಾಮ್ (ಒಳಗಿನ ಲೆಕ್ಕ ಇಡುವ ಮೆಮೊರಿ) ಇರುವಂಥದ್ದು, 4,500ರ ಸುಮಾರು. ಇಷ್ಟು ದುಬಾರಿ ಬೇಕಾ ಅಂದರು. ಮೊದಲೇ ಖರ್ಚಾದದ್ದರ ಲೆಕ್ಕ ಬರೆದು ಮುಂದಿಟ್ಟೆ, ಆಮೇಲೆ ಮಾತಿಲ್ಲ. ಜೊತೆಗೆ ಮರದ ಪೆಟ್ಟಿಗೆಯ ಹಿಂಬದಿ ಕೊರೆಸಿ ಸಣ್ಣ ಜಾಲರಿ ಹಾಕಿಸಿ, ಒಂದು ಫ್ಯಾನ್ ಕೂರಿಸಿದೆ. ಜಿರಳೆಯೂ ಬರುವುದಿಲ್ಲ, ಗಾಳಿಯೂ ಆಡುತ್ತದೆ. ನನ್ನ ಕೂಲಿ 2,000 ತೆಗೆದುಕೊಂಡೆ.

ಹಳೆಯದಕ್ಕೆ ವಾರಂಟಿ ಇತ್ತು. ಸರ್ವಿಸ್ ಸೆಂಟರಿನವರು ಹತ್ತು ನಿಮಿಷ ಟೆಸ್ಟ್ ಹಾಕಿ "ಹೆಲ್ತ್ ಗುಡ್, ತೊಂದರೆ ಇಲ್ಲ" ಅಂತ ವಾಪಸ್ ಕೊಟ್ಟರು. ಲಾಗಿನ ಪ್ರಿಂಟು, ಟೈಮ್ ಸಹಿತ, ಎರಡು ಮಶೀನಿನದ್ದೂ ತೆಗೆದುಕೊಂಡು ಮತ್ತೆ ಹೋದೆ. ಮೇಲಿನವರಿಗೆ ಕಳಿಸಿ ಅಂತ ಅಲ್ಲೇ ಕೂತೆ. ಮೂರು ವಾರಕ್ಕೆ ಬದಲಿ ಡಿಸ್ಕ್ ಬಂತು. ಬದಲಿಗೂ ಅದೇ ಹೇರ್ ಡ್ರೈಯರ್, ಅದೇ ಸ್ಕ್ರಿಪ್ಟ್. ಪಾಸಾಯಿತು. ಆದರೂ ಗಲ್ಲೆಯ ಮಶೀನಿಗೆ ಹಾಕಲಿಲ್ಲ, ಹೋಟೆಲಿನ ಮೇಲಿನ ಆಫೀಸಿನ ಪಿಸಿಗೆ ಹಾಕಿದ್ದೇನೆ. ಅಲ್ಲಿ ಎಸಿ ಇದೆ, ಬಿಲ್ಲಿಂಗಿನ ರಾತ್ರಿ ಬ್ಯಾಕಪ್ ಈಗ ಅದರ ಮೇಲೆ ಬೀಳುತ್ತದೆ.