ಹಿಮದ ಊರಿಗೆ ಬಾಣಂತನಕ್ಕೆ ಹೊರಟವರಿಗೆ

ನಮ್ಮ ಕುವೆಂಪುನಗರ, ಸರಸ್ವತೀಪುರಂ ಕಡೆ ಈಗ ಯಾವ ಬೀದಿಗೆ ಹೋದರೂ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿಬಂದ ಒಬ್ಬರಾದರೂ ಸಿಗುತ್ತಾರೆ. ಹೆರಿಗೆ ನಮ್ಮನ್ನು ಕೇಳಿ ಬರುವುದಿಲ್ಲವಲ್ಲ. ಬಾಸ್ಟನ್ ಕಡೆ ಜನವರಿ, ಫೆಬ್ರವರಿಯಲ್ಲೇ ದಿನ ಬಿದ್ದಿದ್ದರೆ ಹಿಮಕ್ಕೂ ತಯಾರಾಗಿ ಹೊರಡಿ. ಮೈಸೂರಿನ ಡಿಸೆಂಬರ್ ಚಳಿಗೆ ಹೊದೆಯುವ ಶಾಲು ಅಲ್ಲಿ ಯಾತಕ್ಕೂ ಸಾಲದು. ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗದೆ ಮೈ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಸೀರೆಯೊಳಗೆ ಥರ್ಮಲ್ ಅನ್ನುವ ಬೆಚ್ಚನೆಯ ಒಳಉಡುಪು, ಮೇಲೆ ತೆಳು ಉಣ್ಣೆಯ ಎರಡು ಸ್ವೆಟರ್, ಆಮೇಲೆ ಕೋಟು.

ಹಿಮದ ಬಿರುಗಾಳಿ ಬರುವ ಸುದ್ದಿ ಒಂದೆರಡು ದಿನ ಮೊದಲೇ ತಿಳಿಯುತ್ತದೆ. ಅಂಗಡಿಗಳಲ್ಲಿ ಹಾಲು, ಬ್ರೆಡ್ಡು, ಮೊಟ್ಟೆ ಖಾಲಿಯಾಗುತ್ತವೆ. ನಮಗೆ ಅಕ್ಕಿ, ಬೇಳೆ, ಸಾರಿನ ಪುಡಿ ಇದ್ದರೆ ಸಾಕು, ಆದರೆ ಮಗುವಿನ ಡೈಪರ್ರು, ಬಾಣಂತಿಯ ಮಾತ್ರೆ ಮರೆಯಬೇಡಿ. ಒಲೆಯೂ ಕರೆಂಟಿನದೇ ಆಗಿದ್ದರೆ, ಕರೆಂಟ್ ಹೋದಾಗ ಅಡುಗೆಯೂ ನಿಂತಿತು. ಮೊದಲೇ ಚಪಾತಿ ಮಾಡಿಡಿ. ಗೊಜ್ಜವಲಕ್ಕಿಯ ಅವಲಕ್ಕಿ ತರಿಯನ್ನು ಇಲ್ಲಿಂದಲೇ ಒಯ್ಯಿರಿ, ಹುಣಸೆ ನೀರಿನಲ್ಲಿ ನೆನೆಸಿದರೆ ಊಟವಾಯಿತು.

ಸಾಂಬ್ರಾಣಿ ವಿಷಯ ಒತ್ತಿ ಹೇಳಬೇಕು. ಮಗುವಿಗೆ ಎಣ್ಣೆ-ನೀರು ಹಾಕಿ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸುವ ಅಭ್ಯಾಸ ನಮ್ಮದು. ಅಲ್ಲಿ ಬೇಡವೇ ಬೇಡ. ಹೊಗೆಗೆ ಅಲಾರಂ ಕಿರುಚಿಕೊಳ್ಳುವುದು ಹಾಗಿರಲಿ, ಕಿಟಕಿ ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಮನೆ ಕಾಯಿಸುವ ಹೀಟರಿನ ಹೊಗೆಕೊಳವೆ ಹೊರಗೋಡೆಯಲ್ಲಿದ್ದರೆ ಅದರ ಬಾಯಿಗೆ ಹಿಮ ಕಟ್ಟಿಕೊಂಡಿದೆಯೇ ಅಂತ ಅಳಿಯನಿಗೆ ನೋಡಲು ಹೇಳಿ. ಕಾರೂ ಅಷ್ಟೇ, ಹಿಂದಿನ ಹೊಗೆಕೊಳವೆಯ ಹಿಮ ಬಿಡಿಸದೆ ಸ್ಟಾರ್ಟ್ ಮಾಡಬಾರದು. 2013ರ ಫೆಬ್ರವರಿಯ ಹಿಮದಲ್ಲಿ ಬಾಸ್ಟನ್ನಿನಲ್ಲಿ ಒಬ್ಬ ಹುಡುಗ ಬೆಚ್ಚಗಿರಲಿ ಅಂತ ಕಾರಿನಲ್ಲಿ ಕೂತವನು ಹೀಗೇ ತೀರಿಕೊಂಡ.

ತೊಟ್ಟಿಕ್ಕುವ ನಲ್ಲಿ ಕಂಡರೆ ನಮ್ಮ ಕೈ ತಾನಾಗಿ ತಿರುಗಿಸಿಬಿಡುತ್ತದೆ. ಹಿಮಗಾಳಿಯ ರಾತ್ರಿ ಮಾತ್ರ ಅದನ್ನು ಹಾಗೇ ತೊಟ್ಟಿಕ್ಕಲು ಬಿಡಿ, ಹರಿಯುವ ನೀರು ಬೇಗ ಹೆಪ್ಪುಗಟ್ಟುವುದಿಲ್ಲ, ಪೈಪು ಒಡೆಯುವ ಭಯ ಕಡಿಮೆ. ಸಿಂಕಿನ ಕೆಳಗಿನ ಬೀರುವಿನ ಬಾಗಿಲೂ ತೆರೆದಿರಲಿ.

ನಮ್ಮ ಯಜಮಾನರುಗಳಿಗೆ ಹುಮ್ಮಸ್ಸು ಜಾಸ್ತಿ. ಹಿಮ ಎತ್ತುವ ಸಲಿಕೆ ಅವರ ಕೈಗೆ ಕೊಡಬೇಡಿ. ಚಳಿಗೆ ರಕ್ತನಾಳ ಬಿಗಿಯುತ್ತದೆ, ಒದ್ದೆ ಹಿಮ ಕಲ್ಲಿನ ಭಾರ, ಎದೆಗೇ ಏಟು. ಮೆಟ್ಟಿಲಿಗೆ ಬಿಸಿನೀರು ಸುರಿಯುವ ಬುದ್ಧಿವಂತಿಕೆಯೂ ಬೇಡ, ಅದು ಗಳಿಗೆಯಲ್ಲಿ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಕಲ್ಲುಪ್ಪು ಹಾಕಿ. ಚಳಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿದರೆ ಅದೂ ಕೈಕೊಡುತ್ತದೆ, ಆಗ ಮರಳು.

ಪಕ್ಕದ ಮನೆಯ ಮುದುಕರನ್ನು ಮಾತಿಗೆಳೆದರೆ 1978ರ ಫೆಬ್ರವರಿ ಬಂದೇ ಬರುತ್ತದೆ. ಬಾಸ್ಟನ್ನಿಗೆ 27 ಇಂಚು ಬಿದ್ದು, ಹೆದ್ದಾರಿಯಲ್ಲಿ 3,000ಕ್ಕೂ ಹೆಚ್ಚು ಕಾರು ಹೂತುಹೋದ ಕಥೆ. ಅವರ ಮಕ್ಕಳಿಗೆ 2015 ದೊಡ್ಡದು, ಆ ಒಂದು ಚಳಿಗಾಲದಲ್ಲೇ 110 ಇಂಚು ದಾಟಿತ್ತು. ಕೇಳಿಸಿಕೊಳ್ಳಿ, ನೆರೆಹೊರೆ ಪರಿಚಯ ಇದ್ದರೆ ಕರೆಂಟ್ ಹೋದಾಗ ಬಾಗಿಲು ತಟ್ಟುವವರಿರುತ್ತಾರೆ. ಹಿಮ ಅಗೆದು ಕಾರಿಗೆ ಜಾಗ ಮಾಡಿಕೊಂಡವರು ಅಲ್ಲಿ ಮುರುಕು ಕುರ್ಚಿ ಇಟ್ಟು ಹೋಗುತ್ತಾರೆ, ಮಂಡ್ಯ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಘೋಷಿಸಿದ ಹಿಮದ ತುರ್ತುಸ್ಥಿತಿ ಮುಗಿದು 48 ಗಂಟೆವರೆಗೆ ನಗರಾಡಳಿತವೂ ಅದನ್ನು ಬಹುತೇಕ ಕಡೆ ಸಹಿಸಿಕೊಳ್ಳುತ್ತದೆ. ರಸ್ತೆ ಚೊಕ್ಕಟ ಮಾಡುವ ಉಮೇದಿನಲ್ಲಿ ಆ ಕುರ್ಚಿ ಎತ್ತಿಟ್ಟು ಅಳಿಯನಿಗೆ ಜಗಳ ತಂದಿಡಬೇಡಿ.