ಗೂಗಲ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರ್‌ಗೆ ಫೋನ್ ಮಾಡೋ ಮುಂಚೆ ಇದನ್ನ ಓದಿ

ಅಕೌಂಟಿಂದ ದುಡ್ಡು ಕಟ್ ಆಗಿದೆ ಆದ್ರೆ ಆ ಕಡೆಯವರಿಗೆ ಹೋಗಿಲ್ಲ, ಆರ್ಡರ್ ಮಾಡಿದ್ದು ಬಂದಿಲ್ಲ, ರೀಫಂಡ್ ಸಿಕ್ಕಿಲ್ಲ, ಇಂಥ ಟೆನ್ಶನ್‌ನಲ್ಲಿ ಜಾಸ್ತಿ ಜನ ಮಾಡೋದು ಒಂದೇ, ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡ ನಂಬರ್‌ಗೆ ಫೋನ್ ಮಾಡೋದು. ದಯವಿಟ್ಟು ಮಾಡ್ಬೇಡಿ. ಮೇಲ್ಗಡೆ ಬಂತು ಅಂದಮಾತ್ರಕ್ಕೆ ಅದು ಕಂಪನಿ ನಂಬರ್ ಆಗಲ್ಲ, ದುಡ್ಡು ಕೊಟ್ಟು ಆಡ್ ಹಾಕಿಸಿದ್ರೂ ಮೇಲೆ ಬರುತ್ತೆ, ಇನ್ನು ಗೂಗಲ್ ಮ್ಯಾಪ್ಸ್‌ನಲ್ಲಂತೂ ಈ ಬ್ರಾಂಚ್ ನಂಬರ್ ಬದಲಾಯಿಸಿ ಅಂತ ಯಾರು ಬೇಕಾದ್ರೂ ಸಜೆಸ್ಟ್ ಮಾಡಬಹುದು, ಕಳ್ಳರು ಇದನ್ನೇ ಬಳಸ್ಕೊಂಡು ತಮ್ಮ ನಂಬರ್ ತುರುಕಿದ್ದಾರೆ.

ಮತ್ತೆ ನಂಬರ್ ಎಲ್ಲಿಂದ ತಗೊಳ್ಳೋದು? ಎಟಿಎಂ ಕಾರ್ಡ್ ಹಿಂದೆ ತಿರುಗಿಸಿ ನೋಡಿ, ಪಾಸ್‌ಬುಕ್ ನೋಡಿ. ಫೋನ್‌ಪೇ, ಗೂಗಲ್ ಪೇ ಆದ್ರೆ ಆಪ್ ಓಪನ್ ಮಾಡಿ ಹಿಸ್ಟರಿಗೆ ಹೋಗಿ ಆ ಪೇಮೆಂಟ್ ಮೇಲೇ ಒತ್ತಿ, ಅಲ್ಲೇ ಕಂಪ್ಲೇಂಟ್ ಹಾಕೋಕೆ ಆಗುತ್ತೆ. ಬೆಸ್ಕಾಂ 1912, ರೈಲ್ವೆ 139, ಗ್ಯಾಸ್ ಲೀಕ್ ಆದ್ರೆ 1906, ಇವನ್ನ ಅಪ್ಪ ಅಮ್ಮನ ಫೋನಲ್ಲೂ ಸೇವ್ ಮಾಡಿಕೊಡಿ, ಯಾಕಂದ್ರೆ ಅವರಿಗೆ ನೆಟ್‌ನಲ್ಲಿ ಬಂದಿದ್ದೆಲ್ಲ ಗೌರ್ಮೆಂಟೇ ಹಾಕಿರೋ ಥರ ಕಾಣುತ್ತೆ.

ಅಪ್ಪಿತಪ್ಪಿ ಫೋನ್ ಮಾಡಿಬಿಟ್ರೆ ಆ ಕಡೆಯವನು ತುಂಬಾ ಮರ್ಯಾದೆಯಿಂದಾನೇ ಮಾತಾಡ್ತಾನೆ, "ಸಾರ್ ನಿಮ್ಮ ರೀಫಂಡ್ ರೆಡಿ ಇದೆ, ಒಂದು ಆಪ್ ಹಾಕ್ಕೊಳ್ಳಿ, ಅದರಲ್ಲಿ ಬರೋ ಕೋಡ್ ಹೇಳಿ" ಅಂತಾನೆ. ಅದು ಸ್ಕ್ರೀನ್ ಶೇರ್ ಆಪ್, ಕೋಡ್ ಹೇಳಿ ಪರ್ಮಿಷನ್ ಕೊಟ್ರೆ ನಿಮ್ಮ ಫೋನಿಗೆ ಬರೋ ಓಟಿಪಿ ಅವನಿಗೂ ಕಾಣುತ್ತೆ. ಇಲ್ಲಾಂದ್ರೆ ಯುಪಿಐ ಪಿನ್ ಹಾಕಿ ಅಂತಾನೆ. ದುಡ್ಡು ಬರೋಕೆ ಪಿನ್ ಬೇಡವೇ ಬೇಡ, ಪಿನ್ ಕೇಳಿದ್ರೆ ದುಡ್ಡು ಹೋಗ್ತಿದೆ ಅಂತಲೇ ಅರ್ಥ, ತಕ್ಷಣ ಫೋನ್ ಇಡಿ.

ದುಡ್ಡು ಹೋಗೇಬಿಡ್ತು ಅಂದ್ರೆ ನಾಚ್ಕೊಂಡು ಕೂರ್ಬೇಡಿ, ಮನೆಯವರು ಬೈತಾರೆ ಅಂತ ಮುಚ್ಚಿಡಬೇಡಿ. ಕೂಡ್ಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ದುಡ್ಡು ಒಂದು ಅಕೌಂಟಿಂದ ಇನ್ನೊಂದಕ್ಕೆ ಹಾರ್ತಾ ಇರುತ್ತೆ, ಬೇಗ ಹೇಳಿದ್ರೆ ಮಧ್ಯದಲ್ಲೇ ತಡೆಯೋ ಚಾನ್ಸ್ ಇರುತ್ತೆ. ಯುಪಿಐ ಆದ್ರೆ 12 ಅಂಕಿಯ ಟ್ರಾನ್ಸಾಕ್ಷನ್ ನಂಬರ್, ಟೈಮು, ಸ್ಕ್ರೀನ್‌ಶಾಟ್ ಕೈಯಲ್ಲಿ ಇಟ್ಕೊಳ್ಳಿ, ಅವನು ಹಾಕಿಸಿದ ಸ್ಕ್ರೀನ್ ಶೇರ್ ಆಪ್ ಡಿಲೀಟ್ ಮಾಡಿ, ಬ್ಯಾಂಕಿಗೆ ಹೇಳಿ ಕಾರ್ಡು ಯುಪಿಐ ಎರಡೂ ಬ್ಲಾಕ್ ಮಾಡಿಸಿ. ಆಮೇಲೆ ಬ್ರಾಂಚಿಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಟ್ಟು ಸೀಲ್ ಹಾಕಿದ ಕಾಪಿ ತಗೊಂಡೇ ಬನ್ನಿ.